ಎಂಟು ಇಟ್ಟಿಗೆ ಹೊತ್ತ ಕತ್ತೆ

“ಕತ್ತೆ ಅಂದ್ರೆ ನಾನೇ ಅಂತ ನೇರವಾಗಿ ಹೇಳ್ಬಿಡು! ಸುತ್ತಿ ಬಳಸಿ ಯಾಕೆ?” ಚಿಕ್ಕಪ್ಪ ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿದ.

“ನಾನು ಹೇಳ್ತಿರೋದು ಚೀಲದ ಮೇಲಿರೋ ಕತ್ತೆ ವಿಷಯ, ಚಿಕ್ಕಪ್ಪ. ದುಡ್ಡು ಕೊಟ್ಟು ಕತ್ತೇನ ಹೆಗಲಿಗೆ ಹಾಕ್ಕೊಂಡು ಓಡಾಡೋಕೆ ಯಾರಿಗೆ ಆಸೆ? ಜನಕ್ಕೆ ಕುದುರೆ ಬೇಕು.”

“ಕುದುರೆ ಮೇಲೆ ಜನ ಕೂತು ಮೆರೀತಾರೆ ಕಣೇ. ಹೊರೆ ಹೊರೋದು ಕತ್ತೆ. ನಾವು ಮಾಡೋದು ಚೀಲ!”

ಹೊಲಿಗೆ ಯಂತ್ರಗಳ ಮುಂದೆ ಕೂತಿದ್ದ ಇಬ್ಬರು ಹೆಂಗಸರು ತಲೆ ತಗ್ಗಿಸಿ ನಕ್ಕರು. ಅಣ್ಣನ ಮಗಳು ಮಾತ್ರ ನಗಲಿಲ್ಲ. ಅಪ್ಪ ಹೋದ ಮೇಲೆ ಈ ಚೀಲದ ಕಾರ್ಖಾನೆ ಅವಳ ಹೆಗಲಿಗೆ ಬಿದ್ದಿತ್ತು. ಶಾಲೆಯಲ್ಲಿ ‘ಕತ್ತೆಮರಿ’ ಅನ್ನಿಸಿಕೊಂಡು ಅಳುತ್ತಾ ಬಂದ ದಿನ ಇದೇ ಚಿಕ್ಕಪ್ಪ ಅವಳನ್ನು ದೊಡ್ಡ ಚೀಲದಲ್ಲಿ ಕೂರಿಸಿ, ಕೊಕ್ಕೆಗೆ ನೇತುಹಾಕಿ, “ನೋಡು, ನಮ್ಮ ಕತ್ತೆ ನಿನ್ನ ಬೀಳಿಸಲ್ಲ” ಎಂದು ತೂಗಿದ್ದ.

ಕತ್ತೆಯ ಅಚ್ಚನ್ನು ಮರದಲ್ಲಿ ಕೊರೆದವನೂ ಅವನೇ. ಹೊಲಿದ ಪ್ರತಿ ಚೀಲಕ್ಕೂ ಎಂಟು ಇಟ್ಟಿಗೆ ತುಂಬಿ ಒಂದು ದಿನ ನೇತುಹಾಕುತ್ತಿದ್ದ. ಹಿಡಿಕೆ ಬಿಚ್ಚದಿದ್ದರೆ ಮಾತ್ರ ಕತ್ತೆ ಒತ್ತುತ್ತಿದ್ದ.

“ಆಯ್ತು, ಕುದುರೇನೇ ಇರ್ಲಿ.” ಚಿಕ್ಕಪ್ಪನ ದನಿ ಇಳಿಯಿತು. “ಒಂದು ವಾರ ಕೊಡು, ಕೊರೆದು ಕೊಡ್ತೀನಿ.”

ಅವಳು ಮೂಲೆಯಲ್ಲಿದ್ದ ಬಟ್ಟೆಯ ಸುರುಳಿಯನ್ನು ಎಳೆದು ಬಿಡಿಸಿದಳು. ಉದ್ದಕ್ಕೂ ಕೆಂಪು ಕುದುರೆಗಳು ಓಡುತ್ತಿದ್ದವು.

“ಬಟ್ಟೆ ಮೇಲೇ ಪ್ರಿಂಟ್ ಆಗಿ ಬಂದಿದೆ. ಅಚ್ಚು ಬೇಕಾಗಲ್ಲ, ಚಿಕ್ಕಪ್ಪ.”

ಅವನು ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿದ. “ಇನ್ನೂ ಹೊಲಿದೇ ಇಲ್ಲ, ಆಗ್ಲೇ ಪಾಸಾಗೋಯ್ತಾ?”

“ಇಟ್ಟಿಗೆ ನೇತುಹಾಕೋದು ನಿಲ್ಲಿಸು ಅಂದ್ನಾ ನಾನು?”

“ಹಿಡಿಕೆ ಕಿತ್ತು ಬಂದ್ರೆ? ಕುದುರೇನ ಅಳಿಸ್ತೀಯಾ?”

ಇದನ್ನು ಅವಳು ಯೋಚಿಸಿಯೇ ಇರಲಿಲ್ಲ.

ಚಿಕ್ಕಪ್ಪ ಅಚ್ಚಿನ ಶಾಯಿಯನ್ನು ಚೊಕ್ಕವಾಗಿ ಒರೆಸಿ, ಅಚ್ಚನ್ನು ಅವಳ ಮುಂದಿಟ್ಟ. ಚಪ್ಪಲಿ ಮೆಟ್ಟಿದ.

“ಊಟ ಆದ್ರೂ ಮಾಡ್ಕೊಂಡು ಹೋಗು!”

“ಹಸಿವಿಲ್ಲ ಮಗಳೇ.”

ಬಾಗಿಲ ಪಕ್ಕದ ಕೊಕ್ಕೆಯಲ್ಲಿ ಅವನೇ ಬೆಳಿಗ್ಗೆ ನೇತುಹಾಕಿದ್ದ ಚೀಲವೊಂದು ಇಟ್ಟಿಗೆ ಹೊತ್ತು ತೂಗುತ್ತಿತ್ತು. ಮರುದಿನವೂ ಅದರ ಹಿಡಿಕೆಯ ಒಂದು ಎಳೆಯೂ ಬಿಚ್ಚಿರಲಿಲ್ಲ. ಅವಳು ಅಚ್ಚಿಗೆ ಶಾಯಿ ಹಚ್ಚಿಟ್ಟು ಸಂಜೆಯವರೆಗೂ ಕಾದಳು. ಶಾಯಿ ಒಣಗಿತು. ಚಿಕ್ಕಪ್ಪ ಬರಲಿಲ್ಲ.