ಉಪ್ಪುಕಲ್ಲು

ಎಲೆ ಉದುರುವ ಕಾಲಕ್ಕೆ ಮಂದೆ ಬೆಟ್ಟ ಇಳಿಯಬೇಕು. ಇಳಿಯುವ ದಿನ, ಮೇಲಿನ ಹುಲ್ಲುಗಾವಲಿನ ಚಪ್ಪಟೆ ಬಂಡೆಯ ಮೇಲೆ ಒಂದು ಹಿಡಿ ಉಪ್ಪು ಇಟ್ಟು ಬರುವುದು ಆ ಕುರಿಗಾಹಿ ಮನೆತನದ ರೂಢಿ. ಮುಂದಿನ ವರ್ಷ ಬರುತ್ತೇವೆ ಎಂದು ಬೆಟ್ಟಕ್ಕೆ ಕೊಟ್ಟ ಮಾತು ಅದು. ತಲೆಮಾರುಗಳಿಂದ ಕುರಿಗಳು ನೆಕ್ಕಿ ನೆಕ್ಕಿ ಕಲ್ಲಿನಲ್ಲಿ ಬಟ್ಟಲಿನಂಥ ಗುಳಿ ಬಿದ್ದಿತ್ತು. ಬೆಟ್ಟ ನ್ಯಾಷನಲ್ ಪಾರ್ಕ್ ಆಗಿ ಮಂದೆಯನ್ನು ಹೊರಹಾಕಿದ ವರ್ಷ ಮಾತ್ರ ಆ ಮನೆಯ ಹಿರಿ ಸೊಸೆಯ ಗಂಡ ಸಿಟ್ಟಿನಲ್ಲಿ ಉಪ್ಪಿಡದೆ ಬಂದುಬಿಟ್ಟ. ಹಾಸಿಗೆ ಹಿಡಿದ ಮೇಲೆ ಅವನಿಗೆ ಅದೇ ಕೊರಗು.

ಪಾರ್ಕಿನಲ್ಲಿ ದಾರಿ ಗುಡಿಸುವ ಕೆಲಸಕ್ಕೆ ಸೇರಿದ್ದ ಅವಳ ಮೈದುನ ಆಗಾಗ ಬಂದು, ಜಿಂಕೆಗಳು ಈಗಲೂ ಕಲ್ಲು ನೆಕ್ಕುತ್ತವೆ, ಗುಳಿ ಕನ್ನಡಿಯ ಹಾಗೆ ಹೊಳೆಯುತ್ತದೆ ಎಂದು ಅಣ್ಣನಿಗೆ ಹೇಳುತ್ತಿದ್ದ. ಕೇಳಿ ಅವನ ಮುಖ ಅರಳುತ್ತಿತ್ತು. ಕಣ್ಣು ಮುಚ್ಚುವ ಮೊದಲು, ತನ್ನ ಹೆಸರಲ್ಲಿ ಒಂದು ಹಿಡಿ ಇಟ್ಟು ಬಾ ಎಂದು ಹೆಂಡತಿಯಿಂದ ಮಾತು ತೆಗೆದುಕೊಂಡ.

ಅದಕ್ಕೇ ಅವಳು ಟಿಕೆಟ್ ತೆಗೆದುಕೊಂಡು, ಮೈದುನನ ಜೊತೆ ತನ್ನದೇ ಹುಲ್ಲುಗಾವಲಿಗೆ ಹೊರಟಿದ್ದಳು. ಗೇಟಿನಲ್ಲಿ ಕಾವಲುಗಾರ ಅವಳ ಉಪ್ಪಿನ ಗಂಟು ಬಿಚ್ಚಿಸಿದ. ಉಪ್ಪಿನ ರುಚಿ ಹತ್ತಿದರೆ ಪ್ರಾಣಿಗಳು ದಾರಿಗೇ ಬಂದು ನಿಲ್ಲುತ್ತವೆ, ಒಳಗೆ ಬಿಡುವ ಹಾಗಿಲ್ಲ ಎಂದ.

“ಮಂದೆಗೇ ಜಾಗ ಇಲ್ಲ ಅಂದ ಮೇಲೆ ಉಪ್ಪಿಗೆಲ್ಲಿ,” ಎಂದು ಅವಳು ಗಂಟನ್ನು ಅವನ ಮೇಜಿನ ಮೇಲಿಟ್ಟಳು. ಕಲ್ಲನ್ನು ಕಣ್ಣಾರೆ ನೋಡಿದರೂ ಸಾಕು ಅನ್ನಿಸಿತು.

ಆಗ ಮೈದುನ ಒಂದೊಂದೇ ನೆಪ ತೆಗೆದ. ಏರು ಕಡಿದಾಗಿದೆ, ಎಲೆ ಬಿದ್ದು ದಾರಿ ಜಾರುತ್ತದೆ, ನಿಮ್ಮ ಮೊಣಕಾಲು ಕೇಳುವುದಿಲ್ಲ.

“ನಿನ್ನನ್ನ ಬೆನ್ನಿಗೆ ಕಟ್ಕೊಂಡು ಇದೇ ಏರು ಹತ್ತಿದವಳು ನಾನು. ಈಗ ನೀನು ನನಗೆ ಏರಿನ ಸುದ್ದಿ ಹೇಳ್ತೀಯಾ? ನಡಿ.”

ಅವನು ಮುಂದೆ ನಡೆದ.

ಬಂಡೆಯ ಮೇಲೆಲ್ಲ ಹಳದಿ ಎಲೆ. ಗುಳಿ ಕಾಣುತ್ತಿರಲಿಲ್ಲ. ಅವಳು ಪಕ್ಕದಲ್ಲಿ ಕುಳಿತು ಕೈಯಿಂದ ಎಲೆ ಸರಿಸಿದಳು. ಕೆಳಗೆ ಪಾಚಿ, ಹಸಿರಾಗಿ, ಕತ್ತರಿಸದ ಉಣ್ಣೆಯಷ್ಟು ದಪ್ಪ. ನಾಲಿಗೆ ಆಡುವ ಕಲ್ಲಿಗೆ ಪಾಚಿ ಹಿಡಿಯುವುದಿಲ್ಲ. ಕುರಿ ಕಾದವರಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ.

“ಎಷ್ಟು ವರ್ಷ ಆಯ್ತು?”

ಮೈದುನ ನೆಲ ನೋಡಿದ. “ಮಂದೆ ಇಳಿದ ಮಾರನೇ ವರ್ಷಾನೇ ಹಿಡೀತು, ಅತ್ತಿಗೆ. ಅಣ್ಣ ಅಷ್ಟು ಆಸೆಯಿಂದ ಕೇಳ್ತಿದ್ದ. ಇಲ್ಲ ಅನ್ನೋಕೆ ನಾಲಿಗೆ ಏಳಲಿಲ್ಲ.”

ಅವಳು ಪಾಚಿಯ ಮೇಲೆ ಅಂಗೈ ಇಟ್ಟಳು. ಅದು ತಣ್ಣಗಿತ್ತು, ಮೆತ್ತಗಿತ್ತು.

“ಒಳ್ಳೇದೇ ಮಾಡಿದೆ ಬಿಡು,” ಎಂದಳು. “ನಾನಾಗಿದ್ರೆ ನಿಜ ಹೇಳಿ ಕೊಂದೇಬಿಡ್ತಿದ್ದೆ.”

ಸರಿಸಿದ ಎಲೆಗಳನ್ನೆಲ್ಲ ಮತ್ತೆ ಗುಳಿಗೆ ತುಂಬಿ, ಅವನ ಹೆಗಲು ಹಿಡಿದು ಎದ್ದಳು.

ಗೇಟಿನಲ್ಲಿ ಕಾವಲುಗಾರ ಗಂಟನ್ನು ಜೋಪಾನವಾಗಿ ಹಿಂತಿರುಗಿಸಿ, ಎಲ್ಲರಿಗೂ ಹೇಳುವ ಹಾಗೆ, ಮುಂದಿನ ವರ್ಷ ಬನ್ನಿ ಅಮ್ಮ ಎಂದ. ಅವಳು ಗಂಟನ್ನು ಸೆರಗಿಗೆ ಕಟ್ಟಿಕೊಂಡು ಹೊರಟಳು.

ಸಂಜೆ ಮನೆಯಲ್ಲಿ ಅದೇ ಉಪ್ಪು ಹಾಕಿ ಅಡುಗೆ ಮಾಡಿದಳು. ಕೈ ಅಳತೆ ತಪ್ಪಿ ಉಪ್ಪು ಹೆಚ್ಚಾಗಿತ್ತು. ಮೈದುನ ತಲೆ ಎತ್ತದೆ, ನೀರನ್ನೂ ಕೇಳದೆ, ಬಡಿಸಿದ್ದಷ್ಟನ್ನೂ ಉಂಡ.