ಉದ್ದವಿಲ್ಲದ ಬಾಣ

ನಿವೃತ್ತನಾದ ಮೇಲೂ ವಾರಕ್ಕೊಮ್ಮೆ ನಾನು ಭೂಗೋಳ ವಿಭಾಗಕ್ಕೆ ಹೋಗುತ್ತೇನೆ. ಹೆಂಡತಿ ತೀರಿಕೊಂಡ ಮೇಲೆ ಮನೆಯ ಗೋಡೆಗಳಿಗಿಂತ ಅಲ್ಲಿನ ಗೋಡೆಗಳು ಹಿತವೆನಿಸುತ್ತವೆ; ಅವುಗಳ ಮೇಲೆ ನಕ್ಷೆಗಳಾದರೂ ಇವೆ. ಬೆಳಗಿನ ಓಟದ ಹವ್ಯಾಸ ನಮ್ಮ ಊರಿನಲ್ಲಿ ಬೀದಿಯಿಂದ ಬೀದಿಗೆ ಹೇಗೆ ಹಬ್ಬಿತೆಂದು ನಾನು ಆರಂಭಿಸಿದ ಕೆಲಸವನ್ನು ಈಗ ನನ್ನ ಹಳೆಯ ಶಿಷ್ಯೆ ಮುಂದುವರಿಸಿದ್ದಾಳೆ. ಓಡುವ ಪ್ರತಿಯೊಬ್ಬರನ್ನೂ ಕೇಳುವುದು ಒಂದೇ ಪ್ರಶ್ನೆ: ಯಾರು ಓಡುವುದನ್ನು ನೋಡಿ ನಿಮಗೂ ಓಡಬೇಕೆನಿಸಿತು? ಓಡುವವರ ಮನೆಗೊಂದು ಚುಕ್ಕೆ. ಯಾರನ್ನು ನೋಡಿದರೋ ಅವರ ಮನೆಯಿಂದ ಇವರ ಮನೆಗೆ ಒಂದು ಬಾಣ.

ಆ ದಿನ ಅವಳು ನಕ್ಷೆಯ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

“ಸಾರ್, ಇದೆಲ್ಲ ಕ್ರೀಡಾಂಗಣದ ಕಡೆಯಿಂದ ಶುರುವಾಯ್ತು ಅಂದ್ಕೊಂಡಿದ್ವಿ. ಈ ಗಿರಣಿ ಗೋಡೆ ಪಕ್ಕದ ಬೀದಿ ನೋಡಿ. ಇಲ್ಲಿ ಅದಕ್ಕೂ ಮುಂಚೆನೇ ಜನ ಓಡ್ತಿದ್ರು. ಬಾಣಗಳೆಲ್ಲ ಹೊರಡೋದು ಒಂದು ಖಾಲಿ ಜಾಗದಿಂದ. ಯಾರನ್ನ ಕೇಳಿದ್ರೂ ಒಂದೇ ಮಾತು, ನೀಲಿ ಸ್ವೆಟರಿನ ಅಮ್ಮ.”

ಆ ಖಾಲಿ ಜಾಗ ನನ್ನ ಮನೆ, ಆ ಸ್ವೆಟರು ನನ್ನ ಹೆಂಡತಿಯದು. ಸಂಶೋಧಕರು ತಮ್ಮ ಮನೆಯವರನ್ನು ನಕ್ಷೆಗೆ ಸೇರಿಸಬಾರದು ಎಂಬುದು ನಾನೇ ಕಲಿಸಿದ ನಿಯಮ.

“ನಂಗೆ ಗೊತ್ತಾಗಲ್ವಾ ಸಾರ್? ಆ ಸ್ವೆಟರ್ ಹಾಕ್ಕೊಂಡೇ ಅಲ್ವಾ ನಿಮ್ಮನೇಲಿ ಅಮ್ಮ ನಂಗೆ ಟೀ ಕೊಡ್ತಿದ್ದಿದ್ದು? ಮೂಲದಲ್ಲಿ ಚುಕ್ಕೆ ಇಲ್ದಿದ್ರೆ ವಿಭಾಗದೋರು ಆ ಬೀದಿನೇ ತಪ್ಪು ಅಂತ ತೆಗೆದುಹಾಕ್ತಾರೆ. ನಿಮ್ಮ ನಿಯಮ ಒಂದ್ಸಲ ಪಕ್ಕಕ್ಕಿಡಿ.”

ಈ ಲೋಕದಲ್ಲಿ ನನ್ನ ಹೆಂಡತಿ ಎಲ್ಲಾದರೂ ಒಂದು ಚುಕ್ಕೆಯಷ್ಟು ಉಳಿಯಲಿ ಎಂಬ ಆಸೆ ನನಗಿಲ್ಲವೇ? ಆದರೂ ಮೇಷ್ಟರ ಬುದ್ಧಿ ಎಲ್ಲಿ ಹೋಗುತ್ತದೆ!

“ಆಗ್ಲಮ್ಮ. ಆದ್ರೆ ಎಲ್ಲರ ಹಾಗೆ ಅವಳದ್ದೂ ಆ ಪ್ರಶ್ನೆಗೆ ಉತ್ತರ ಇರ್ಬೇಕು,” ಎಂದೆ.

ಉತ್ತರ ನನಗೆ ತಿಳಿದಿರಲಿಲ್ಲ. ಅವಳು ಓಡುವ ಹೊತ್ತು ನನಗೆ ಪ್ರಾರ್ಥನೆಯ ಹೊತ್ತು. ಕಣ್ಣು ತೆರೆಯುವಷ್ಟರಲ್ಲಿ ಬಾಗಿಲ ಬಳಿ ಬೂಟು ಬಿಚ್ಚುತ್ತಿರುತ್ತಿದ್ದಳು. ಆ ಸಂಜೆ ನಾದಿನಿಗೆ ಫೋನ್ ಮಾಡಿದೆ.

“ಅಯ್ಯೋ ಭಾವ, ಊರೋರನ್ನೆಲ್ಲ ಕೇಳಿ ಮನೆಯವಳನ್ನ ಕೇಳ್ಲಿಲ್ವಾ?” ಎಂದು ಛೇಡಿಸಿದಳು. “ನಿಮ್ಮನ್ನ ನೋಡೇ! ದಿನಾ ಬಸ್ಸಿನ ಹಿಂದೆ ಬಿದ್ದು ಓಡ್ತಿದ್ರಲ್ಲ, ಬ್ಯಾಗು ಒಂದ್ಕಡೆ, ನೀವೊಂದ್ಕಡೆ. ಕನ್ನಡಕ ಮನೇಲೇ ಬಿಟ್ಟು ಹೋಗ್ತಿದ್ರಿ. ಅಕ್ಕ ಅದನ್ನ ಹಿಡ್ಕೊಂಡು ಹಿಂದೆ ಓಡೋಳು. ಹಂಗೇ ರುಚಿ ಹತ್ತಿಬಿಡ್ತಂತೆ. ‘ನಿನ್ನ ಭಾವ ಬಾತುಕೋಳಿ ಹಂಗೆ ಓಡ್ತಾರೆ, ನಾನೇ ವಾಸಿ’ ಅಂತ ನನ್ನ ಹತ್ರ ನಗೋಳು.”

ನಾವಿಬ್ಬರೂ ಬಹಳ ಹೊತ್ತು ಫೋನ್ ಇಡಲಿಲ್ಲ.

ಮರುದಿನವೇ ಹೋಗಿ ಶಿಷ್ಯೆಗೆ ಹೇಳಿದೆ. ಅವಳು ನನ್ನ ಮನೆಯ ಜಾಗದಲ್ಲಿ ಚುಕ್ಕೆಯಿಟ್ಟಳು. ನಾನು ಮನಸ್ಸಿನಲ್ಲೇ ದೇವರಿಗೆ ಕೈಮುಗಿದೆ. ಅವಳು ಪೆನ್ಸಿಲ್ ಹಿಡಿದು ಇನ್ನೂ ನಿಂತೇ ಇದ್ದಳು.

“ಈ ಬಾಣ ಎಳೆಯೋದು ಹೇಗೆ ಸಾರ್? ಹೊರಡೋದೂ ಅದೇ ಮನೆ, ಸೇರೋದೂ ಅದೇ ಮನೆ.”

“ಬಿಡಮ್ಮ. ಉದ್ದ ಇಲ್ದೇ ಇರೋದನ್ನ ನಕ್ಷೆ ತೋರಿಸಲ್ಲ.”

ಮುಂದಿನ ವಾರ ಬಸ್ಸಿಗೆ ನಿಂತಾಗ ಜೇಬು ತಡವಿದೆ. ಕನ್ನಡಕ ಇರಲಿಲ್ಲ. ಅಭ್ಯಾಸಬಲದಿಂದ ಗಿರಣಿ ಗೋಡೆಯತ್ತ ತಿರುಗಿದೆ. ದೂರದಲ್ಲಿ ಯಾರೋ ಓಡಿಬರುತ್ತಿದ್ದರು. ಬರಿಗಣ್ಣಿಗೆ ಎಲ್ಲವೂ ಮಸುಕು, ಸ್ವೆಟರಿನ ಬಣ್ಣ ತಿಳಿಯಲಿಲ್ಲ. ಬಸ್ಸು ಬಂದು ನಿಂತಿತು, ನಾನು ಹತ್ತಲಿಲ್ಲ. ಅದು ಹೊರಟೂ ಹೋಯಿತು.

ಓಡಿಬಂದವಳು ಯಾರೋ ಹುಡುಗಿ. “ನಮಸ್ಕಾರ ತಾತ,” ಎಂದು ಕೈಬೀಸಿ ದಾಟಿಹೋದಳು. ಅವಳ ಹೆಜ್ಜೆಯ ಸದ್ದು ಅಡಗುವವರೆಗೆ ನಿಂತಿದ್ದು, ಕನ್ನಡಕ ತರಲು ಮನೆಯ ಕಡೆ ನಡೆದೆ.