ಸಾವಿನ ಮನೆಯ ನೀರು

ಸಾಯುವುದರೊಳಗೆ ತನ್ನ ಬಾಗಿಲ ಮುಂದಿನ ನಲ್ಲಿಯಿಂದ ಒಂದು ಲೋಟ ನೀರು ಹಿಡಿದು ಕುಡಿಯಬೇಕು ಅನ್ನುವುದು ನನ್ನ ಅತ್ತೆ ಮಾಡ್ಲೋಮೊಳ ಆಸೆಯಾಗಿತ್ತು. ಭಾರಿ ಆಸೆಯೇನಲ್ಲ. ಪೇಟೆಯಲ್ಲಿ ನಾಯಿಗಳೂ ನಲ್ಲಿಯ ನೀರು ಕುಡಿಯುತ್ತವೆ. ಅಂಗಳದ ಪೀಚ್ ಮರದ ಪಕ್ಕದಲ್ಲಿ ಅವಳು ನಲ್ಲಿಗೆಂದೇ ಒಂದು ಜಾಗ ಹಿಡಿದು, ಸುತ್ತ ಕಲ್ಲಿಟ್ಟು, ದಿನಾ ಬೆಳಿಗ್ಗೆ ಗುಡಿಸುತ್ತಿದ್ದಳು. ಅಲ್ಲಿ ಕುಂಬಳದ ಬೀಜ ಹಾಕುವಂತಿಲ್ಲ, ಕೋಳಿ ಕೆದಕುವಂತಿಲ್ಲ, ಮಕ್ಕಳು ಕಾಲಿಡುವಂತಿಲ್ಲ. 'ಅದು ನಲ್ಲಿ ಜಾಗ, ಆಚೆ ಹೋಗ್ರೋ!' ಎಂದು ಕೋಲು ಬೀಸುತ್ತಿದ್ದಳು.

ನಮ್ಮ ಲುಖಾಲ್ವೇನಿ ಇರುವುದು ಗುಡ್ಡದ ನೆತ್ತಿಯಲ್ಲಿ, ನೀರಿರುವುದು ಬುಡದ ಹಳ್ಳದಲ್ಲಿ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಅನ್ನುತ್ತಾರೆ. ನಾನೂ ಬಂದೆ, ಮದುವೆಯ ಮರುದಿನವೇ, ತಲೆಯ ಮೇಲೆ ಬಕೆಟ್ ಇಟ್ಟುಕೊಂಡು. ನನಗಿಂತ ಮೊದಲು ಒಂದು ಹಸು ಬಂದು ಹಳ್ಳದ ನಡುವೆ ನಿಂತಿತ್ತು. ಅದು ಕುಡಿದು, ಮಾಡುವುದನ್ನೆಲ್ಲ ಮಾಡಿ, ಸಾವಕಾಶವಾಗಿ ಆಚೆ ಹೋದ ಮೇಲೆ ನನ್ನ ಸರದಿ. ಗಂಡ ಸತ್ತು ಹೋದ, ಕೂದಲು ನೆರೆಯಿತು, ಆ ಸರದಿ ಮಾತ್ರ ಬದಲಾಗಲಿಲ್ಲ.

ಹಾಗಂತ ನಮ್ಮನ್ನು ಯಾರೂ ಕೇಳಲಿಲ್ಲ ಅನ್ನುವಂತಿಲ್ಲ. ಕೇಳುವುದಕ್ಕೇನು, ಚೆನ್ನಾಗಿಯೇ ಕೇಳುತ್ತಿದ್ದರು. ಜಿಲ್ಲಾ ಪುರಸಭೆಯವರು ಸಮಗ್ರ ಅಭಿವೃದ್ಧಿ ಯೋಜನೆ ಅಂತ ಐದು ವರ್ಷಕ್ಕೊಮ್ಮೆ ಹೊಸದು ಮಾಡುತ್ತಾರೆ, ವರ್ಷಕ್ಕೊಮ್ಮೆ ಅದನ್ನೇ ತಿದ್ದುತ್ತಾರೆ. ಮೈದಾನದಲ್ಲಿ ಬಿಳಿ ಶಾಮಿಯಾನ ಏಳುತ್ತದೆ. ಪ್ರಾರ್ಥನೆ, ಹಾಡು, ಭಾಷಣ. ಆಮೇಲೆ 'ನಿಮ್ಮ ಊರಿಗೆ ಮೊದಲು ಏನು ಬೇಕು?' ಎಂದು ಕೇಳುತ್ತಾರೆ. ಮಾಡ್ಲೋಮೊ ಕೈ ಎತ್ತಿ, ಎದ್ದು ನಿಂತು, ತನ್ನ ಕುಲದ ಹಿರಿಯರ ಹೆಸರುಗಳನ್ನೆಲ್ಲ ಹೇಳಿ ಮುಗಿಸಿ, ಕೊನೆಯಲ್ಲಿ 'ನೀರು' ಅನ್ನುತ್ತಿದ್ದಳು. ವೇದಿಕೆಯ ಮೇಲಿನವರು 'ನಮೂದಾಯಿತು ಅಮ್ಮಾ' ಅನ್ನುತ್ತಿದ್ದರು. ಒಬ್ಬೊಬ್ಬರಿಗೆ ಒಂದು ಕೋಳಿ ತುಂಡು, ಬ್ರೆಡ್ಡು, ಹಳದಿ ಬನಿಯನ್ನು. ಅವಳ ಹತ್ತಿರ ಅಂಥ ಬನಿಯನ್ನುಗಳು ಒಂದು ಗಂಟು ಇದ್ದವು. ನೆಲ ಒರೆಸಲು ಒಳ್ಳೆಯ ಬಟ್ಟೆ, ಆದರೆ ಒರೆಸಲು ನೀರು ಬೇಕಲ್ಲ.

ಊರ ಪುರಸಭೆಗೆ ಹೋಗಿ ಗೋಗರೆದರೆ ನೀರು ಜಿಲ್ಲೆಯವರದು, ನಮ್ಮದು ರಸ್ತೆ ಮತ್ತು ಸ್ಮಶಾನ ಅನ್ನುತ್ತಾರೆ. ಜಿಲ್ಲೆಗೆ ಹೋದರೆ ರಸ್ತೆಯಿಲ್ಲದೆ ಪೈಪು ತರುವುದು ಹೇಗೆ ಅನ್ನುತ್ತಾರೆ. ಎತ್ತು ಏರಿಗೆ, ಕೋಣ ನೀರಿಗೆ. ಇವೆರಡನ್ನೂ ಒಂದೇ ನೊಗಕ್ಕೆ ಕಟ್ಟಿ ಅದಕ್ಕೆ ಸಮಗ್ರ ಎಂದು ಹೆಸರಿಟ್ಟವನ ನಾಲಿಗೆಗೆ ಹಳ್ಳದ ನೀರು ಬಿಡಬೇಕು.

ಒಂದು ಸಂದರ್ಭದಲ್ಲಿ ಮಾತ್ರ ಒಳ್ಳೆಯ ನೀರು ಗುಡ್ಡ ಹತ್ತುತ್ತಿತ್ತು. ಊರಲ್ಲಿ ಯಾರಾದರೂ ಸತ್ತರೆ ಕೌನ್ಸಿಲರ್ ಮಗಾಡ್ಲನಿಗೆ ಫೋನು ಹೋಗುತ್ತದೆ. ನಮ್ಮಲ್ಲಿ ಮಣ್ಣು ಮಾಡುವುದು ಶನಿವಾರ, ಆ ದಿನಕ್ಕೆ ಜಿಲ್ಲೆಯ ಟ್ಯಾಂಕರ್ ಬಂದೇ ಬರುತ್ತದೆ. ಸಾವಿನ ಮನೆಗೆ ನೂರಾರು ಜನ ಸೇರುತ್ತಾರೆ, ಅವರೆಲ್ಲರಿಗೂ ಓಟಿರುತ್ತದೆ. ಆ ದಿನ ಇಡೀ ಊರು ಡ್ರಮ್ಮು, ಬಾನಿ, ಹಸುಗೂಸಿನ ಸ್ನಾನದ ಟಬ್ಬು ಸಮೇತ ಟ್ಯಾಂಕರ್ ಹಿಂದೆ ಓಡುತ್ತದೆ. ಅಳುವವರು ಅಳುತ್ತಿರುತ್ತಾರೆ, ಹಿಡಿಯುವವರು ಹಿಡಿಯುತ್ತಿರುತ್ತಾರೆ.

ಪಕ್ಕದ ಮನೆಯ ಮುದುಕಿ ಮಾಂಪಿಂಗಾ ಅತ್ತೆಯ ಜೀವದ ಗೆಳತಿ, ಬಾಯಿ ಮಾತ್ರ ಹರಿತ. ಒಮ್ಮೆ ಮಳೆ ತೀರ ಕೈಕೊಟ್ಟಾಗ ಬೇಲಿಯಾಚೆಯಿಂದ ಕೂಗಿದ್ದಳು. 'ಯಾರಾದ್ರೂ ಪುಣ್ಯಾತ್ಮರು ಸಾಯ್ರೇ! ಕಂಬಳಿ ಒಗೀಬೇಕು!'

'ನೀನೇ ಸಾಯೇ,' ಅತ್ತೆ ಇಲ್ಲಿಂದ ಕೂಗಿದಳು. 'ನಿನ್ನ ನೀರಲ್ಲಿ ನಾನು ಒಗ್ಕೋತೀನಿ. ನಾನಂತೂ ನಲ್ಲಿ ನೋಡೇ ಹೋಗೋದು.'

ನೋಡದೆ ಹೋದಳು. ಕಳೆದ ಸಲ ಪೀಚ್ ಮರ ಹೂ ಬಿಡುವ ಹೊತ್ತಿಗೆ ಹಾಸಿಗೆ ಹಿಡಿದಳು. ಕೊನೆಯ ದಿನ ನೀರು ಕೇಳಿದಳು. ಹಳ್ಳದ ನೀರನ್ನೇ ಸೋಸಿ, ಕುದಿಸಿ, ಆರಿಸಿ, ಅತಿಥಿಗಳಿಗೆಂದು ಅವಳು ಎತ್ತಿಟ್ಟಿದ್ದ ಗಾಜಿನ ಲೋಟದಲ್ಲಿ ಕೊಟ್ಟೆ.

'ನಲ್ಲೀದಾ?' ಅಂದಳು.

'ಹೂಂ ಅತ್ತೆ, ನಲ್ಲೀದೇ.'

ಒಂದು ಗುಟುಕು ಕುಡಿದು ನಕ್ಕಳು. 'ಸುಳ್ಳಿ. ಹಸು ವಾಸನೆ ಹೊಡೀತಿದೆ.'

ಅದೇ ಅವಳ ಕೊನೆಯ ಮಾತು.

ಶನಿವಾರ ಮಣ್ಣಾಯಿತು. ಊರ ಯಜಮಾನನ ತಾಯಿಯಲ್ಲವೇ, ಟ್ಯಾಂಕರ್ ಎರಡು ಸಲ ಬಂತು. ಯಜಮಾನ ಅಂದರೆ ಅತ್ತೆಯ ಹಿರಿಮಗ ಫಕಮಿಲೆ, ನನ್ನ ಗಂಡನ ಅಣ್ಣ. ಎತ್ತು ಕಡಿದರು, ದೊಡ್ಡ ಕಡಾಯಿಗಳಲ್ಲಿ ಕುಟ್ಟಿದ ಮೆಕ್ಕೆಜೋಳ, ಬೀನ್ಸು ಬೆಂದವು. ಊರಿನ ಪ್ರತಿ ಬಾಗಿಲಲ್ಲೂ ಡ್ರಮ್ಮುಗಳು ತುಂಬಿ, ಬಿಸಿಲಿಗೆ ಹೊಳೆಯುತ್ತಾ ನಿಂತಿದ್ದವು. ನೋಡಿದವರು ಇದೇನು ಸ್ವರ್ಗವೋ ಅನ್ನಬೇಕು.

ನೋಡಿದವರೂ ಇದ್ದರು. ಕೌನ್ಸಿಲರ್ ಮಗಾಡ್ಲ ಸಾವಿನ ಊಟ ಬಿಡುವವನಲ್ಲ. ಪೆಟ್ರೋಲು ಉಳಿಯಲಿ ಎಂದು ಜಿಲ್ಲೆಯ ಯೋಜನಾ ಅಧಿಕಾರಿಣಿಯನ್ನೂ ಅವತ್ತೇ ಜೊತೆಗೆ ಹತ್ತಿಸಿಕೊಂಡು ಬಂದಿದ್ದ. ಯೊನೆಲಾ ಎಂದು ಅವಳ ಹೆಸರು. ಚಿಕ್ಕ ವಯಸ್ಸು, ಒಳ್ಳೆಯ ಬೂಟು, ಕೈಯಲ್ಲಿ ಹಲಗೆಯಂಥ ಫೋನು. ಯಾವ ಊರಿಗೆ ನೀರಿದೆ, ಯಾವುದಕ್ಕಿಲ್ಲ ಎಂದು ಕಣ್ಣಾರೆ ನೋಡಿ ಹೊಸ ಯೋಜನೆಗೆ ಸೇರಿಸುವುದು ಅವಳ ಕೆಲಸ. ತಲೆಗೆ ಬಟ್ಟೆ ಕಟ್ಟಿಕೊಂಡು, ಹೆಗಲಿಗೆ ಶಾಲು ಹೊದ್ದು, ನಮ್ಮ ಜೊತೆ ಎರಡು ಹಾಡನ್ನೂ ಹಾಡಿದಳು. ಕೆಟ್ಟವಳಲ್ಲ. ಹಾಡು ಮುಗಿದ ಮೇಲೆ ಊರು ಸುತ್ತಿ ಡ್ರಮ್ಮುಗಳ ಫೋಟೋ ತೆಗೆದಳು. ಆಮೇಲೆ ದನದ ದೊಡ್ಡಿಯ ಪಕ್ಕ ಗಂಡಸರ ನಡುವೆ ಕೂತಿದ್ದ ಫಕಮಿಲೆಯ ಮುಂದೆ ಮಂಡಿಯೂರಿ ಕೇಳಿದಳು.

'ಅಪ್ಪಾಜಿ, ಊರಲ್ಲಿ ನೀರು ಇದೆಯಾ?'

ನಾನು ಮಾಂಸದ ತಟ್ಟೆ ಹಿಡಿದು ಅಲ್ಲೇ ಹತ್ತಿರದಲ್ಲಿದ್ದೆ. ನಮ್ಮಲ್ಲಿ ತಾಯಿಯ ಮಣ್ಣಿನ ದಿನ ಬಂದವರು ಏನು ಕೇಳಿದರೂ ಇಲ್ಲ ಅನ್ನುವಂತಿಲ್ಲ. ಇಲ್ಲ ಅಂದರೆ ಸತ್ತವಳು ಬಡತನದಲ್ಲಿ ಹೋದಳು, ಮಗ ಸರಿಯಾಗಿ ಕಳಿಸಲಿಲ್ಲ ಎಂದರ್ಥ. ಮಣ್ಣೊಳಗೆ ಅವಳಿಗೆ ಅವಮಾನ. ಫಕಮಿಲೆ ಟೋಪಿ ತೆಗೆದು ನೆಟ್ಟಗೆ ಕೂತ.

'ಇದೆ ಮಗಳೇ. ಹಿರಿಯರ ದಯೆಯಿಂದ ನಮ್ಮಲ್ಲಿ ಯಾವುದಕ್ಕೂ ಕೊರತೆ ಇಲ್ಲ. ಕೂತ್ಕೋ, ಊಟ ಮಾಡು.'

'ಟ್ಯಾಂಕರ್ ಬರ್ತಾ ಇರುತ್ತಾ?'

'ಬರುತ್ತೆ, ಬರುತ್ತೆ. ಕೌನ್ಸಿಲರ್ ಸಾಹೇಬ್ರು ಕರೆದಾಗೆಲ್ಲ ಕಳಿಸ್ತಾರೆ.'

ಮಗಾಡ್ಲ ಎಲುಬು ಚೀಪುತ್ತಲೇ ತಲೆ ಆಡಿಸಿದ. ಅವಳ ಬೆರಳು ಹಲಗೆಯ ಮೇಲೆ ಓಡಿತು.

ನನಗೆ ತಡೆಯಲಾಗಲಿಲ್ಲ. ಸೊಸೆಯಾದವಳು ಗಂಡನ ಅಣ್ಣನ ಮುಂದೆ ದನಿ ಎತ್ತುವಂತಿಲ್ಲ, ದೊಡ್ಡಿಯ ಒಳಗೆ ಹೆಜ್ಜೆಯಿಡುವಂತಿಲ್ಲ. ಬಾಯಿ ಬಿಡುವಂತಿಲ್ಲ ಅಷ್ಟೇ ತಾನೇ, ಕೈಯಿದೆಯಲ್ಲ ಅಂದುಕೊಂಡೆ. ಅಡಿಗೆಮನೆಯ ಮೂಲೆಯಲ್ಲಿ ಹಿಂದಿನ ದಿನದ ಹಳ್ಳದ ನೀರು ಒಂದು ಬಕೆಟ್ ಉಳಿದಿತ್ತು, ಅದನ್ನು ಎತ್ತಿಕೊಂಡು ಆ ಹುಡುಗಿಯ ಕಡೆ ನಡೆದೆ. ಅವಳ ಮುಂದೆ ಇಟ್ಟುಬಿಟ್ಟರೆ ಸಾಕಿತ್ತು. ಅದಕ್ಕೇ ಬಾಯಿ ಬರುತ್ತಿತ್ತು.

ಫಕಮಿಲೆ ಎದ್ದು ಅಡ್ಡ ಬಂದ. ನಗುನಗುತ್ತಲೇ ಬಕೆಟ್ ಕೈಯಿಂದ ತೆಗೆದುಕೊಂಡು, 'ದನಕ್ಕೆ ತಂದ್ಯಾ ಮಾಬ್ಹೆಲೆ? ಒಳ್ಳೇದು' ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ದೊಡ್ಡಿಯ ಬಾನಿಗೆ ಸುರಿದ. ಆಮೇಲೆ ನನಗೊಬ್ಬಳಿಗೇ ಕೇಳುವಂತೆ ಹೇಳಿದ. 'ಇವತ್ತು ಬೇಡ. ಅವ್ವನ ಮಣ್ಣಿನ್ನೂ ಹಸಿ ಇದೆ.'

'ಬದುಕಿರೋ ತನಕ ಅವ್ವ ಕೇಳಿದ್ದು ಇದನ್ನೇ ಅಲ್ವಾ ಭಾವ?' ನಾನೂ ಪಿಸುಗುಟ್ಟಿದೆ.

'ಬೇಡ ಅಂದೆ.'

ಖಾಲಿ ಬಕೆಟ್ ಹಿಡಿದು ವಾಪಸ್ಸು ಬಂದೆ. ಎಲ್ಲ ನೋಡಿದ್ದ ಮಾಂಪಿಂಗಾ ನನ್ನ ಪಕ್ಕ ಕೂತು, ಪಾತ್ರೆ ತಿಕ್ಕುತ್ತಾ, 'ಮಾನ ಕುಡಿದ್ರೆ ಬಾಯಾರಿಕೆ ಹೋಗುತ್ತೇನೇ?' ಅಂದಳು. ಅವಳು ಕೇಳಿದ್ದು ನನ್ನನ್ನಲ್ಲ, ಗುಡ್ಡದ ಮೇಲಿನ ಹೊಸ ಗೋರಿಯನ್ನು.

ಮಾರ್ಚಿನಲ್ಲಿ ಮತ್ತೆ ಶಾಮಿಯಾನ ಎದ್ದಿತು. ಈ ಸಲ ಜಿಲ್ಲೆಯವರ ಪಕ್ಕದಲ್ಲಿ ಊರ ಪುರಸಭೆಯವರೂ ಕೂತಿದ್ದರು. ಗೋಡೆಯಷ್ಟು ದೊಡ್ಡ ನಕಾಶೆ ತೂಗು ಹಾಕಿದ್ದರು. ಕೆಂಪು ಚುಕ್ಕೆಯ ಊರುಗಳಿಗೆ ಈ ಯೋಜನೆಯಲ್ಲಿ ಪೈಪು ಬರುತ್ತದೆ, ನೀಲಿ ಚುಕ್ಕೆಯವಕ್ಕೆ ನೀರು ಈಗಾಗಲೇ ಸಿಕ್ಕಿದೆ ಎಂದು ಯೊನೆಲಾ ವಿವರಿಸಿದಳು. ಸುತ್ತ ಎಲ್ಲ ಕೆಂಪು. ನಡುವೆ ಲುಖಾಲ್ವೇನಿ ಒಂದೇ ನೀಲಿ, ದೃಷ್ಟಿಬೊಟ್ಟಿನಂತೆ.

ಫಕಮಿಲೆ ಎದ್ದ. 'ಮಗಳೇ, ಅದು ಸಾವಿನ ಮನೆ ನೀರು.'

ಅವಳು ಹಲಗೆ ತೆರೆದು ಡ್ರಮ್ಮುಗಳ ಚಿತ್ರ ತೋರಿಸಿದಳು. 'ಅಪ್ಪಾಜಿ, ಕೊರತೆ ಇಲ್ಲ ಅಂತ ನೀವೇ ಬಾಯಾರೆ ಹೇಳಿದ್ರಿ. ನಾನು ಮಂಡಿಯೂರಿ ಕೇಳಿದ್ದೆ.'

ಹಿಂದಿನ ಸಾಲಿನಲ್ಲಿ ಬೇರೆ ಊರಿನವನೊಬ್ಬ, 'ಕೊರತೆ ಇಲ್ದೋರಿಗೆ ಇನ್ನೊಂದು ಬನಿಯನ್ನು ಕೊಡ್ರಪ್ಪಾ!' ಎಂದು ಕೂಗಿದ. ಶಾಮಿಯಾನ ಇಡೀ ನಕ್ಕಿತು. ಫಕಮಿಲೆಯ ಟೋಪಿ ಅವನ ಕೈಯಲ್ಲಿ ಹಿಂಡಿದ ಬಟ್ಟೆಯಾಗಿತ್ತು. ಅವನ ಮೇಲೆ ನನಗಿದ್ದ ಸಿಟ್ಟಿನಲ್ಲಿ ಆ ನಗು ನನಗೆ ಹಿತವಾಗಬೇಕಿತ್ತು. ಆಗಲಿಲ್ಲ.

'ಅದನ್ನ ಕೆಂಪು ಮಾಡೋಕಾಗಲ್ವಾ?' ಅಂದ.

'ಮುಂದಿನ ಯೋಜನೆಯಲ್ಲಿ ನೋಡೋಣ. ನಮೂದಾಯಿತು.' ಅವಳ ದನಿಯೂ ಸ್ವಲ್ಪ ಇಳಿದಿತ್ತು. 'ನೀರು ಬಿಟ್ಟು ಬೇರೆ ಏನಾದ್ರೂ ಇದ್ರೆ ಹೇಳಿ ಅಪ್ಪಾಜಿ, ಒಂದು ಜಾಗ ಖಾಲಿ ಇದೆ.'

ಫಕಮಿಲೆ ಹಿಂಡಿದ ಟೋಪಿಯನ್ನು ತಲೆಗೆ ಇಟ್ಟುಕೊಂಡ. ಆಮೇಲೆ ನೆಲ ನೋಡುತ್ತಾ, 'ಹಂದಿಗಳು ನಮ್ಮವ್ವನ ಗೋರಿ ಕೆದರ್ತಿವೆ' ಅಂದ.

ಸ್ಮಶಾನಕ್ಕೆ ಬೇಲಿ! ಅದು ಊರ ಪುರಸಭೆಯ ಬಾಬ್ತು. ಜೂನಿಗೆ ಲೆಕ್ಕದ ವರ್ಷ ಮುಗಿಯುವುದರೊಳಗೆ ಖರ್ಚಾಗದಿದ್ದರೆ ವಾಪಸ್ಸು ಹೋಗುವ ಹಣ ಅವರ ಕೈ ಸುಡುತ್ತಿತ್ತಂತೆ. ನಮ್ಮ ಊರಿನ ಚರಿತ್ರೆಯಲ್ಲಿ ಸರ್ಕಾರ ಅಷ್ಟು ಬೇಗ ಬಂದದ್ದಿಲ್ಲ. ಕಂಬ ಬಂದವು, ತಂತಿ ಬಂತು, ಹಸಿರು ಬಣ್ಣದ ಗೇಟು ಬಂತು. ಸಿಮೆಂಟು ಕಲಸಲು ಟ್ಯಾಂಕರ್ ಬಂತು. ನಾವು ಬಕೆಟ್ ಹಿಡಿದು ಓಡಿದೆವು. ಟ್ಯಾಂಕರಿನವ ಕೈ ಅಡ್ಡ ಹಿಡಿದು, 'ಇದು ಸಿಮೆಂಟಿಗೆ ಮಾತ್ರ ಅಮ್ಮಂದಿರಾ, ಜನಕ್ಕಲ್ಲ' ಅಂದ. ಸತ್ತವರ ಕಂಬಕ್ಕೆ ನಮ್ಮ ಕಣ್ಣೆದುರೇ ನೀರು ಕುಡಿಸಿ ಹೋದ.

ನಮ್ಮ ಕಡೆ ಜೂನಿನಲ್ಲೇ ಚಳಿ, ಅದು ಹಿಡಿಯುವ ಹೊತ್ತಿಗೆ ಗೇಟಿನ ಉದ್ಘಾಟನೆ. ಮಗಾಡ್ಲ ಟೇಪು ಕತ್ತರಿಸಿದ, ಯೊನೆಲಾ ಫೋಟೋ ತೆಗೆದಳು. ಮುಗಿದ ಮೇಲೆ ಫಕಮಿಲೆ ವಾಡಿಕೆಯಂತೆ ನನಗೆ ಕಣ್ಣಲ್ಲೇ ಸನ್ನೆ ಮಾಡಿದ. ಬಂದವರಿಗೆ ನೀರು.

ಅತ್ತೆಯ ಗಾಜಿನ ಲೋಟಗಳಲ್ಲಿ ಹಳ್ಳದ ನೀರು ತಂದೆ. ಸೋಸಲಿಲ್ಲ, ಕುದಿಸಲಿಲ್ಲ. ಚಹಾದ ಬಣ್ಣದ ನೀರು, ಕೆಳಗೆ ಕೆಸರು ಕೂತಿತ್ತು. ತಟ್ಟೆ ಹಿಡಿದು ಬರುವಾಗ ಫಕಮಿಲೆ ನೋಡಿದ. ಅಡ್ಡ ಬರುತ್ತಾನೆ ಅಂದುಕೊಂಡೆ. ಅವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಮಗಾಡ್ಲ ಲೋಟ ನೋಡಿ, ಕಾರಿನ ಕಡೆ ಹೋಗಿ, ಸೀಲು ಮಾಡಿದ ಬಾಟಲಿ ತೆರೆದ. ಯೊನೆಲಾ ಕೈಗೆ ತೆಗೆದುಕೊಂಡಳು. ಬಿಸಿಲಿಗೆ ಹಿಡಿದು ನೋಡಿದಳು.

'ಅಮ್ಮಾ, ಇದು ಎಲ್ಲಿ ನೀರು?'

'ನೀನು ನೀಲಿ ಚುಕ್ಕೆ ಇಟ್ಟಿದ್ದೀಯಲ್ಲ ತಾಯೀ, ಅಲ್ಲಿದೇ.'

ಅವಳು ಕುಡಿಯಲೂ ಇಲ್ಲ, ಚೆಲ್ಲಲೂ ಇಲ್ಲ. ಲೋಟವನ್ನು ಹೊಸ ಗೇಟಿನ ಕಂಬದ ಮೇಲೆ ಮೆಲ್ಲಗೆ ಇಟ್ಟು ಕಾರು ಹತ್ತಿದಳು. ಮಗಾಡ್ಲ ಮಾತ್ರ ದೊಡ್ಡ ಮನಸ್ಸು ಮಾಡಿ ಫಕಮಿಲೆಯ ಭುಜ ತಟ್ಟಿದ.

'ಬೇಜಾರು ಮಾಡ್ಕೋಬೇಡಿ ಯಜಮಾನ್ರೇ. ನಾನಿದ್ದೀನಲ್ಲ. ಊರಲ್ಲಿ ಯಾರಾದ್ರೂ ತೀರ್ಕೊಂಡ್ರೆ ಒಂದು ಫೋನ್ ಹೊಡೀರಿ. ಟ್ಯಾಂಕರ್ ಬಾಗಿಲಿಗೇ ಬರುತ್ತೆ.'

ಕಾರು ಧೂಳೆಬ್ಬಿಸಿ ಇಳಿಯಿತು. ಬೇಲಿಯ ಪಕ್ಕ ನಾವು ಹೆಂಗಸರು ಸಾಲಾಗಿ ನಿಂತಿದ್ದೆವು. ಯಾರೂ ಬೇಕೆಂದು ಮಾಡಿದ್ದಲ್ಲ, ಆಣೆಯಿಟ್ಟು ಹೇಳುತ್ತೇನೆ. ಒಬ್ಬೊಬ್ಬಳ ಕಣ್ಣೂ ತಾನಾಗಿಯೇ ಆ ಸಾಲಿನ ಎಲ್ಲರಿಗಿಂತ ಹಿರಿಯವಳ ಕಡೆ ತಿರುಗಿತು. ನನ್ನದೂ.

ಮಾಂಪಿಂಗಾ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದಳು.

'ನನ್ನನ್ಯಾಕ್ರೇ ನೋಡ್ತೀರಿ?' ಅಂದಳು. 'ನನಗಿನ್ನೂ ಬಾಯಾರಿಕೆ ಇದೆ.'

ಬಕೆಟ್ ಎತ್ತಿಕೊಂಡು, ಯಾರಿಗೂ ಕಾಯದೆ, ಹಳ್ಳದ ಕಡೆ ಇಳಿದಳು.